ಹೊಲದಿಂದ ಹಡಗಿಗೆ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳು ಮಲೆನಾಡಿನ ಅಂಚಿನಿಂದ ಬಯಲುಸೀಮೆಯ ಎರೆಭೂಮಿಯವರೆಗೆ ಹರಡಿಕೊಂಡಿವೆ. ಪಡುವಣಕ್ಕೆ ಹಾನಗಲ್ಲಿನ ಕೆರೆಗಳು, ಬತ್ತದ ಗದ್ದೆಗಳು ಮತ್ತು ಮಾವಿನ ತೋಪುಗಳು. ಮೂಡಣಕ್ಕೆ ಸವಣೂರಿನ ಎಲೆಬಳ್ಳಿಯ ತೋಟಗಳು ಮತ್ತು ಜೋಳ, ಹತ್ತಿ ಬೆಳೆಯುವ ಕಪ್ಪು ನೆಲ. ಈ ನಾಲ್ಕು ತಾಲೂಕುಗಳಲ್ಲಿ ಯಾವುದಕ್ಕೂ ಸಮುದ್ರ ತೀರವಿಲ್ಲ. ಸಮುದ್ರವು ಸಹ್ಯಾದ್ರಿಯ ಆಚೆಗಿದೆ. ಆದರೂ ಇಲ್ಲಿಯ ರೈತನ ಸುಖದುಃಖಗಳು ಬಹುಕಾಲದಿಂದ ಸಮುದ್ರದಾಚೆಯ ಘಟನೆಗಳೊಡನೆ ಹೆಣೆದುಕೊಂಡು ಬಂದಿವೆ. ಒಂದು ದೇಶದ ಜನರು ಇನ್ನೊಂದು ದೇಶದ ಜನರೊಡನೆ ನಡೆಸುವ ಕೊಡುಕೊಳ್ಳುವಿಕೆಗೆ ಅಂತರರಾಷ್ಟ್ರೀಯ ವ್ಯಾಪಾರವೆಂದು ಹೆಸರು. ಅದು ಒಂದು ನಾಡಿನ ಜನಜೀವನದ ಮೇಲೆ ಬೀರುವ ಪರಿಣಾಮಗಳನ್ನು ಅರಿಯಲು ಈ ನಾಲ್ಕು ತಾಲೂಕುಗಳ ಕಥೆ ಒಳ್ಳೆಯ ನಿದರ್ಶನವಾಗಿದೆ.

ದೂರದೇಶಗಳ ಸಂಪರ್ಕವು ಕನ್ನಡ ನಾಡಿಗೆ ಹೊಸದಲ್ಲ. ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವು ಚಾಲುಕ್ಯರ ಕಾಲದಲ್ಲಿ ದಕ್ಷಿಣ ಭಾರತದಲ್ಲೆಲ್ಲ ಹೆಸರಾಗಿತ್ತು. ಆ ಸಂಘದ ಹೆಸರಿರುವ 1088ನೆಯ ಇಸವಿಯ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸ್ ಎಂಬಲ್ಲಿ ದೊರೆತಿದೆ. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಬೆಳೆದ ಬೃಹದಾಕಾರದ ಮರಗಳು ಆಫ್ರಿಕ ಖಂಡದ ಬಾವೊಬಾಬ್ ಜಾತಿಗೆ ಸೇರಿದವು. ನಮ್ಮ ಊಟದಲ್ಲಿ ಇಂದು ಅನಿವಾರ್ಯವಾಗಿರುವ ಮೆಣಸಿನಕಾಯಿಯು ಅಮೇರಿಕದಿಂದ ಹೊರಟು, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಭಾರತಕ್ಕೆ ಬಂದಿತು. ಗೋವಿನಜೋಳದ ತವರೂ ಅಮೇರಿಕವೇ. ಹೀಗೆ ನಾವು ‘ನಮ್ಮದು’ ಎಂದುಕೊಳ್ಳುವ ಎಷ್ಟೋ ವಸ್ತುಗಳು ಒಂದು ಕಾಲಕ್ಕೆ ಪರದೇಶದ ಅತಿಥಿಗಳಾಗಿದ್ದವು.

ಆದರೆ ಅಂದಿನ ವ್ಯಾಪಾರಕ್ಕೂ ಹತ್ತೊಂಬತ್ತನೆಯ ಶತಮಾನದ ವ್ಯಾಪಾರಕ್ಕೂ ಒಂದು ಮುಖ್ಯವಾದ ಭೇದವುಂಟು. ಅಂದು ಹಡಗನ್ನೇರುತ್ತಿದ್ದುದು ಹೆಚ್ಚಾಗಿ ಬೆಲೆಬಾಳುವ ಸರಕು. ಸಾಮಾನ್ಯ ಒಕ್ಕಲು ಮನೆತನದ ಅನ್ನಬಟ್ಟೆಗಳು ಅದನ್ನು ಅವಲಂಬಿಸಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈತನು ಹೊಲದಲ್ಲಿ ಏನನ್ನು ಬಿತ್ತಬೇಕೆಂಬುದನ್ನೇ ದೂರದ ಪೇಟೆಯು ನಿರ್ಧರಿಸತೊಡಗಿತು. ಈ ಬದಲಾವಣೆಯನ್ನು ತಂದ ಬೆಳೆ ಹತ್ತಿ.

ಆಗ ಈ ಪ್ರದೇಶವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಶಿಗ್ಗಾಂವಿಯು ಬಂಕಾಪುರ ತಾಲೂಕಿನ, ಹಿರೇಕೆರೂರು ಕೋಡ ತಾಲೂಕಿನ ಕೇಂದ್ರಗಳಾಗಿದ್ದವು. ಸವಣೂರು ನವಾಬರ ಆಳ್ವಿಕೆಯ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಹಳೆಯ ಕಾಲದಲ್ಲಿ ಹತ್ತಿಯ ಬಾಳೆಲ್ಲ ಊರಿನಲ್ಲಿಯೇ ಕಳೆಯುತ್ತಿತ್ತು. ರೈತನು ಬೆಳೆದ ಹತ್ತಿಯನ್ನು ಹೆಂಗಸರು ಚಪ್ಪಟೆಯಾದ ಕಲ್ಲಿನ ಮೇಲೆ ಹರಡಿ, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಕಾಳನ್ನು ಬೇರ್ಪಡಿಸುತ್ತಿದ್ದರು. ಅರಳೆಯನ್ನು ಹಿಂಜಿ ರಾಟೆಯಲ್ಲಿ ನೂಲು ತೆಗೆಯುತ್ತಿದ್ದರು. ನೇಕಾರನು ಅದನ್ನು ಮಗ್ಗಕ್ಕೆ ಹೂಡಿ ಧೋತರ, ಸೀರೆಗಳನ್ನು ನೇಯುತ್ತಿದ್ದನು. ಹತ್ತಿಕಾಳು ಎತ್ತುಗಳಿಗೆ ಮೇವಾಗುತ್ತಿತ್ತು. ಹೊಲದ ಬಹುಭಾಗದಲ್ಲಿ ಜೋಳವಿರುತ್ತಿತ್ತು. ಸುಗ್ಗಿಯಾದ ಮೇಲೆ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಮಳೆ ಬಾರದ ವರ್ಷ ಆ ಹಗೇವೇ ಊರಿನ ಆಧಾರವಾಗಿತ್ತು. ಇದು ಸಿರಿವಂತಿಕೆಯ ಬಾಳಾಗಿರಲಿಲ್ಲ. ಬರಗಾಲವೂ ರೋಗರುಜಿನಗಳೂ ಆಗಲೂ ಇದ್ದವು. ಆದರೆ ಬೆಳೆದವನು, ನೂತವಳು, ನೇಯ್ದವನು, ಉಟ್ಟವನು ಎಲ್ಲರೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು.

ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದಲ್ಲಿ ಯಂತ್ರದ ಗಿರಣಿಗಳು ಹೆಚ್ಚಿದಂತೆ ಈ ವ್ಯವಸ್ಥೆ ಎರಡು ಕಡೆಯಿಂದ ಸಡಿಲವಾಯಿತು. ಒಂದು ಕಡೆ ಗಿರಣಿಗಳಿಗೆ ಹತ್ತಿ ಬೇಕಾಯಿತು; ಇನ್ನೊಂದು ಕಡೆ ಅವು ತಯಾರಿಸಿದ ನೂಲು ಮತ್ತು ಬಟ್ಟೆಗಳಿಗೆ ಕೊಳ್ಳುವವರು ಬೇಕಾದರು. ನಮ್ಮ ದೇಶವು ಎರಡನ್ನೂ ಒದಗಿಸುವ ಸ್ಥಳವಾಯಿತು. ಈಸ್ಟ್ ಇಂಡಿಯಾ ಕಂಪನಿಯು 1840ರಲ್ಲಿ ಅಮೇರಿಕದಿಂದ ಹತ್ತಿ ಬೆಳೆಗಾರರನ್ನು ಕರೆಯಿಸಿತು. ಹುಬ್ಬಳ್ಳಿಯ ಸುತ್ತಮುತ್ತ ನ್ಯೂ ಆರ್ಲಿಯನ್ಸ್ ಎಂಬ ಊರಿನ ಬೀಜವನ್ನು ಬಿತ್ತಿ ನೋಡಿದರು. ಭಾರತದ ಅನೇಕ ಕಡೆಗಳಲ್ಲಿ ಸೋತ ಆ ಪ್ರಯೋಗವು ಧಾರವಾಡ ಜಿಲ್ಲೆಯಲ್ಲಿ ಫಲಿಸಿತು. ಆ ತಳಿಗೆ ಪೇಟೆಯಲ್ಲಿ ‘ಧಾರವಾಡ ಅಮೇರಿಕನ್’ ಎಂಬ ಹೆಸರು ಬಂದಿತು. ನಾಟಿ ಹತ್ತಿಯನ್ನು ಕರೆಯುತ್ತಿದ್ದ ಹೆಸರು ಇನ್ನೂ ಸ್ವಾರಸ್ಯಕರವಾದುದು. ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿನಲ್ಲಿ ಹಡಗನ್ನೇರುತ್ತಿದ್ದುದರಿಂದ ಮುಂಬಯಿಯ ವರ್ತಕರು ಅದನ್ನು ‘ಕುಮ್ಟಾ’ ಎಂದೇ ಕರೆದರು. ಸಮುದ್ರವನ್ನು ಕಾಣದ ಎರೆಹೊಲದ ಬೆಳೆಗೆ ಸಮುದ್ರ ತೀರದ ಊರಿನ ಹೆಸರು ನಿಂತಿತು. ಸರಕು ಮನೆ ಬಿಟ್ಟು ದೂರ ಹೋದಾಗ ಅದನ್ನು ಬೆಳೆದವನ ಗುರುತು ಹೇಗೆ ಅಳಿಯುತ್ತದೆಂಬುದಕ್ಕೆ ಇದೊಂದು ಉದಾಹರಣೆ.

1861ರಲ್ಲಿ ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧವು ಪ್ರಾರಂಭವಾಯಿತು. ಗುಲಾಮರ ದುಡಿಮೆಯಿಂದ ಹತ್ತಿ ಬೆಳೆಯುತ್ತಿದ್ದ ದಕ್ಷಿಣದ ಬಂದರುಗಳನ್ನು ಉತ್ತರದ ನೌಕಾಪಡೆ ಮುತ್ತಿತು. ಇಂಗ್ಲೆಂಡಿಗೆ ಬೇಕಾದ ಹತ್ತಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಅಲ್ಲಿಂದಲೇ ಬರುತ್ತಿತ್ತು. ಅದು ನಿಂತುಹೋದುದರಿಂದ ಲ್ಯಾಂಕಾಶೈರಿನ ಗಿರಣಿಗಳು ಬಾಗಿಲು ಹಾಕಿದವು. 1862ರ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು ಐದು ಲಕ್ಷ ಜನರು ಪರಿಹಾರದ ಕಾಸಿನಿಂದ ಹೊಟ್ಟೆ ಹೊರೆಯುವಂತಾಯಿತು. ಗಿರಣಿಯ ಮಾಲಿಕರು ಭಾರತದ ಕಡೆಗೆ ಕಣ್ಣು ತಿರುಗಿಸಿದರು. ಹತ್ತಿಯ ಧಾರಣೆ ನೋಡನೋಡುತ್ತಿದ್ದಂತೆ ಹಲವು ಪಟ್ಟು ಏರಿತು.

ಈ ಏರಿಕೆಯ ಬಿಸಿ ಧಾರವಾಡ ಸೀಮೆಯ ಹಳ್ಳಿಹಳ್ಳಿಗೂ ತಟ್ಟಿತು. ಜೋಳ ಬಿತ್ತುತ್ತಿದ್ದ ಭೂಮಿಯ ಒಂದು ಭಾಗವು ಹತ್ತಿಗೆ ತಿರುಗಿತು. ಸಾಲ ತೀರಿಸಿದವರೂ, ಒಡವೆ ಮಾಡಿಸಿದವರೂ, ಎತ್ತು ಕೊಂಡವರೂ ಇದ್ದರು. ಸರಕಾರವೂ ಸುಮ್ಮನಿರಲಿಲ್ಲ. ಮದರಾಸು ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಹತ್ತಿ ಬೆಳೆಯುವ ಸೀಮೆಯೂ ಹತ್ತಿ ಸಾಗಿಸುವ ಬಂದರುಗಳೂ ಒಂದೇ ಆಡಳಿತದಲ್ಲಿರಲಿ ಎಂಬುದು ಇದರ ಹಿಂದಿನ ಮುಖ್ಯ ವಿಚಾರ. ಘಟ್ಟದ ರಸ್ತೆಗಳನ್ನು ಸುಧಾರಿಸಿದರು. ಈ ರಸ್ತೆಗಳು ಹತ್ತಿಗಾಗಿ ಆದವಾದರೂ ಮುಂದೆ ಅವುಗಳ ಮೇಲೆ ಉಪ್ಪು, ತೆಂಗು, ಅಂಚೆ, ಯಾತ್ರಿಕರು ಎಲ್ಲರೂ ಸಾಗಿದರು. ವ್ಯಾಪಾರದಿಂದ ಆಗುವ ಲಾಭಗಳಲ್ಲಿ ಇಂಥವೂ ಸೇರಿವೆ ಎಂಬುದನ್ನು ಮರೆಯಬಾರದು.

ಆಸೆ ಹೆಚ್ಚಿದಲ್ಲಿ ಮೋಸವೂ ಹೆಚ್ಚುತ್ತದೆ. ಹತ್ತಿಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವುದು, ಅಂಡಿಗೆಯೊಳಗೆ ಕಾಳು ಕಸ ಸೇರಿಸುವುದು, ಒಳ್ಳೆಯ ಧಾರವಾಡ ಅಮೇರಿಕನ್ ಹತ್ತಿಯಲ್ಲಿ ಕೀಳು ಹತ್ತಿಯನ್ನು ಬೆರೆಸುವುದು ಸಾಮಾನ್ಯವಾಯಿತು. ಇದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಹತ್ತಿ ಕಲಬೆರಕೆಯ ವಿರುದ್ಧ ಒಂದು ಕಾನೂನನ್ನೇ ಮಾಡಬೇಕಾಯಿತು. ಊರಿನ ನೇಕಾರನಿಗೆ ಮಾರುವಾಗ ಯಾರೂ ಮಾಡಲು ಹಿಂಜರಿಯುತ್ತಿದ್ದ ಕೆಲಸವನ್ನು, ಮುಖ ಕಾಣದ ಗಿರಾಕಿಗೆ ಮಾರುವಾಗ ಮಾಡಲು ಹಿಂಜರಿಯಲಿಲ್ಲ. ವ್ಯಾಪಾರದ ದಾರಿ ಉದ್ದವಾದಷ್ಟೂ ನಂಬಿಕೆಯನ್ನು ಕಾಪಾಡಲು ಕಾನೂನು, ತೂಕ, ಅಳತೆ, ತಪಾಸಣೆಗಳು ಬೇಕಾಗುತ್ತವೆ.

1865ರ ಏಪ್ರಿಲ್ ತಿಂಗಳಲ್ಲಿ ಅಮೇರಿಕದ ದಕ್ಷಿಣದ ಸೇನಾಪತಿ ಶರಣಾದನು. ಯುದ್ಧವು ಮುಗಿದ ಸುದ್ದಿಯು ಲೋಕಕ್ಕೆ ಸಮಾಧಾನ ತಂದರೂ ಮುಂಬಯಿಯ ಪೇಟೆಗೆ ಸಿಡಿಲಿನಂತೆ ಬಡಿಯಿತು. ಹತ್ತಿಯ ಧಾರಣೆ ಇಳಿಯಿತು. ಹತ್ತಿಯ ಹಣದ ಮೇಲೆ ಎದ್ದ ಕಂಪನಿಗಳು ದಿವಾಳಿಯಾದವು. ಬ್ಯಾಂಕ್ ಆಫ್ ಬಾಂಬೆ ಚೇತರಿಸಿಕೊಳ್ಳಲಾರದೆ 1868ರಲ್ಲಿ ಮುಚ್ಚಿತು. ಧಾರವಾಡ ಸೀಮೆಯ ಹಳ್ಳಿಯಲ್ಲಿ ರೈತನ ದುಡಿಮೆಯಲ್ಲಿ ಕೊರತೆಯಿರಲಿಲ್ಲ. ಆದರೂ ಅವನ ಬೆಳೆಯ ಬೆಲೆ ಹೋಯಿತು. ಏರುವಾಗ ಅವನ ಜಾಣತನ ಕಾರಣವಾಗಿರಲಿಲ್ಲ; ಇಳಿಯುವಾಗ ಅವನ ತಪ್ಪು ಕಾರಣವಾಗಿರಲಿಲ್ಲ. ಎರಡಕ್ಕೂ ಕಾರಣವು ಅವನು ಹೆಸರು ಕೇಳದ ಊರುಗಳಲ್ಲಿತ್ತು.

ಹತ್ತು ವರ್ಷಗಳಾದ ಮೇಲೆ ಅದಕ್ಕಿಂತ ದೊಡ್ಡ ಪರೀಕ್ಷೆ ಬಂದಿತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರವಾದ ಕ್ಷಾಮವು ಆವರಿಸಿತು. ಮಳೆ ತಪ್ಪಿದುದೇ ಅದಕ್ಕೆ ಮೊದಲ ಕಾರಣ. ಆದರೆ ದೇಶದಲ್ಲಿ ಜನರು ಹಸಿದಿದ್ದಾಗಲೂ ಭಾರತದ ಬಂದರುಗಳಿಂದ ಗೋದಿ ಹೊರದೇಶಕ್ಕೆ ಹೋಗುತ್ತಲೇ ಇತ್ತು. ವ್ಯಾಪಾರದಲ್ಲಿ ಕೈಹಾಕಬಾರದೆಂಬುದು ಆಗಿನ ಸರಕಾರದ ನೀತಿಯಾಗಿತ್ತು. ಹಗೇವಿನಲ್ಲಿ ಜೋಳವಿದ್ದವನು ಹೇಗೋ ದಿನ ನೂಕಿದನು. ಇಲ್ಲದವನಿಗೆ ಏರಿದ ಧಾರಣೆಯಲ್ಲಿ ಕಾಳು ಕೊಳ್ಳಲು ಶಕ್ತಿಯಿರಲಿಲ್ಲ. 1872ರ ಜನಗಣತಿಯಲ್ಲಿದ್ದುದಕ್ಕಿಂತ 1881ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಜನಸಂಖ್ಯೆ ಬೆಳೆಯಬೇಕಾದ ಒಂಬತ್ತು ವರ್ಷಗಳಲ್ಲಿ ಅದು ಕುಗ್ಗಿತೆಂದರೆ ಆ ದುಃಖದ ಪ್ರಮಾಣವನ್ನು ನಾವು ಊಹಿಸಬಹುದು.

ಈ ನಡುವೆ ಇನ್ನೊಂದು ಬದಲಾವಣೆಯು ಸದ್ದಿಲ್ಲದೆ ನಡೆದಿತ್ತು. ಗಿರಣಿಯ ನೂಲು ಕೈನೂಲಿಗಿಂತ ಸೋವಿಯಾಗಿಯೂ ನಯವಾಗಿಯೂ ಇತ್ತು. ನೇಕಾರರು ಅದನ್ನೇ ಕೊಂಡು ನೇಯತೊಡಗಿದರು. ಇದರಿಂದ ಅನೇಕ ನೇಕಾರರು ಉಳಿದುಕೊಂಡರು. ಆದರೆ ರಾಟೆಯನ್ನು ನಂಬಿದ್ದ ಹೆಂಗಸರ ಸಂಪಾದನೆ ನಿಂತಿತು. ವಿಧವೆಯರೂ ಮುದುಕಿಯರೂ ಮನೆಯಲ್ಲಿ ಕುಳಿತೇ ಗಳಿಸುತ್ತಿದ್ದ ನಾಲ್ಕು ಕಾಸು ಇಲ್ಲವಾಯಿತು. ಬಟ್ಟೆ ಸೋವಿಯಾದುದರಿಂದ ಊರಿಗೆಲ್ಲ ಆದ ಲಾಭವು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ನೂಲುವವಳಿಗೆ ಆದ ನಷ್ಟವು ಅವಳ ಮನೆಯ ಗೋಡೆಗಳೊಳಗೇ ಉಳಿಯಿತು. ಅಂತರರಾಷ್ಟ್ರೀಯ ವ್ಯಾಪಾರದ ಪರಿಣಾಮಗಳನ್ನು ತೂಗುವಾಗ ಈ ಮಾತನ್ನು ನೆನಪಿನಲ್ಲಿಡಬೇಕು. ಲಾಭವು ಹಲವರಲ್ಲಿ ಸ್ವಲ್ಪ ಸ್ವಲ್ಪವಾಗಿ ಹಂಚಿಹೋಗುತ್ತದೆ. ನಷ್ಟವು ಕೆಲವರ ಮೇಲೆ ಒಮ್ಮೆಲೇ ಬೀಳುತ್ತದೆ.

ಊರುಗಳ ಅದೃಷ್ಟವೂ ಹೀಗೆಯೇ ಬದಲಾಯಿತು. 1869ರಲ್ಲಿ ಸುಯೇಜ್ ಕಾಲುವೆ ತೆರೆದು ಯುರೋಪಿಗೆ ಹೋಗುವ ಹಡಗಿನ ದಾರಿ ಮೊಟಕಾಯಿತು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಹುಬ್ಬಳ್ಳಿಯನ್ನು ಮುಟ್ಟಿ, ಗೋವೆಯ ಮಾರ್ಮಗೋವಾ ಬಂದರಿಗೆ ದಾರಿಯಾಯಿತು. ಹತ್ತಿಯ ಗಾಡಿಗಳು ಘಟ್ಟವಿಳಿಯುವುದು ಕಡಿಮೆಯಾಗಿ ಕುಮಟೆಯ ಬಂದರು ಸೊರಗಿತು. ರೈಲು ಬಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಪೇಟೆಗಳಾಗಿ ಬೆಳೆದವು. ಹಾನಗಲ್ಲ, ಹಿರೇಕೆರೂರುಗಳು ರೈಲುದಾರಿಯಿಂದ ದೂರ ಉಳಿದವು.

ಇಷ್ಟೆಲ್ಲವನ್ನೂ ಅನುಭವಿಸಿದ ಜನರು ಕೈಕಟ್ಟಿ ಕುಳಿತರೆ? ಹಾಗೇನೂ ಇಲ್ಲ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಭಾರತದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಬಡ್ಡಿಯ ಸಾಲಕ್ಕೆ ಸಿಕ್ಕಿದ ರೈತನು ಸುಗ್ಗಿಯ ಮೊದಲೇ ಬೆಳೆಯನ್ನು ಸಾಹುಕಾರನಿಗೆ ಒಪ್ಪಿಸಬೇಕಾಗುತ್ತಿತ್ತು. ಸಂಘದ ಸಾಲವು ಅವನಿಗೆ ಬೆಲೆ ನೋಡಿ ಮಾರುವಷ್ಟು ಕಾಲಾವಕಾಶವನ್ನು ಕೊಟ್ಟಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘವು ಹುಟ್ಟಿತು. ಒಬ್ಬೊಬ್ಬನೇ ದಲಾಲನ ಮುಂದೆ ನಿಲ್ಲುವ ಬದಲು ರೈತರು ಒಟ್ಟಾಗಿ ಮಾಲನ್ನು ವರ್ಗೀಕರಿಸಿ ಮಾರಿದರು. ಸ್ವಾತಂತ್ರ್ಯಾನಂತರ, 1966ರ ಕಾನೂನಿನ ಪ್ರಕಾರ, ನಮ್ಮ ರಾಜ್ಯದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು ವ್ಯವಸ್ಥಿತವಾಗಿ ಏರ್ಪಟ್ಟವು. ದೂರದ ಪೇಟೆಯ ಏರಿಳಿತವನ್ನು ಇವು ನಿಲ್ಲಿಸಲಿಲ್ಲ. ಆದರೆ ಅದನ್ನು ಎದುರಿಸುವಾಗ ರೈತನು ಒಂಟಿಯಾಗಿರದಂತೆ ನೋಡಿಕೊಂಡವು.

ವಿಜ್ಞಾನವೂ ಸಹಾಯಕ್ಕೆ ಬಂದಿತು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ಬೆಳೆಸಿದ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯು 1972ರಲ್ಲಿ ಬಿಡುಗಡೆಯಾಯಿತು. ನೀಳವಾದ ಎಳೆಯ ಹತ್ತಿಗಾಗಿ ಹೊರದೇಶಗಳ ಮುಖ ನೋಡುತ್ತಿದ್ದ ಭಾರತಕ್ಕೆ ಇದರಿಂದ ಬಲ ಬಂದಿತು. ಸಂಕರ ಬೀಜವನ್ನು ಮಾಡಲು ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಕೈಯಿಂದಲೇ ಸೋಂಕಿಸಬೇಕು. ಈ ನಾಜೂಕಿನ ಕೆಲಸವು ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳಿಗೆ ಹೊಸ ಕೂಲಿಯನ್ನು ಒದಗಿಸಿತು. ಆದರೆ ಹತ್ತಿಬೀಜದ ಹೊಲಗಳಲ್ಲಿ ಶಾಲೆಯಲ್ಲಿರಬೇಕಾದ ಮಕ್ಕಳನ್ನು ದುಡಿಸಿದ ನಿದರ್ಶನಗಳೂ ರಾಜ್ಯದಲ್ಲಿ ಕಂಡುಬಂದವು. ಇದೂ ವ್ಯಾಪಾರದ ಲೆಕ್ಕದಲ್ಲಿ ಬರೆಯಬೇಕಾದ ಬಾಬೇ ಆಗಿದೆ.

1991ರಲ್ಲಿ ಭಾರತವು ತನ್ನ ಆರ್ಥಿಕ ನೀತಿಯನ್ನು ಬದಲಾಯಿಸಿ ಹೊರದೇಶಗಳ ಸರಕಿಗೂ ಬಂಡವಾಳಕ್ಕೂ ಬಾಗಿಲನ್ನು ಹೆಚ್ಚು ಅಗಲವಾಗಿ ತೆರೆಯಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸ್ಥಾಪನೆಯಾಯಿತು. ಸರಕು, ಹಣ, ತಂತ್ರಜ್ಞಾನ, ಸುದ್ದಿಗಳು ದೇಶದ ಗಡಿಗಳನ್ನು ಸುಲಭವಾಗಿ ದಾಟುವ ಈ ಪ್ರಕ್ರಿಯೆಗೆ ಜಾಗತೀಕರಣವೆಂದು ಹೆಸರಾಯಿತು. 2002ರಲ್ಲಿ ಕಾಯಿಕೊರಕ ಹುಳುವನ್ನು ತಡೆಯುವ ಗುಣವುಳ್ಳ ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ದೊರೆಯಿತು. ಹಿಂದೆ ರೈತನು ತನ್ನ ಹೊಲದ ಬೀಜವನ್ನೇ ಆರಿಸಿ ಮುಂದಿನ ವರ್ಷಕ್ಕೆ ಕಟ್ಟಿಡುತ್ತಿದ್ದನು. ಸಂಕರ ಬೀಜವನ್ನಾದರೋ ವರ್ಷವರ್ಷವೂ ಅಂಗಡಿಯಿಂದ ಕೊಳ್ಳಬೇಕು. ಇಳುವರಿ ಹೆಚ್ಚಿತು, ಅದರೊಡನೆ ಬಿತ್ತುವ ಮೊದಲೇ ಮಾಡಬೇಕಾದ ಖರ್ಚೂ ಹೆಚ್ಚಿತು.

ಮುಂದೆ ಜಿಲ್ಲೆಯ ಅನೇಕ ಹೊಲಗಳಲ್ಲಿ ಹತ್ತಿಯ ಸ್ಥಾನವನ್ನು ಗೋವಿನಜೋಳವು ಆಕ್ರಮಿಸಿತು. ಅದು ಬಹಳಮಟ್ಟಿಗೆ ಕೋಳಿ ಆಹಾರದ ಕಾರ್ಖಾನೆಗಳಿಗೆ ಹೋಗುವ ಬೆಳೆ. 2018ರಲ್ಲಿ ಅಮೇರಿಕ ಮೂಲದ ಸೈನಿಕ ಹುಳುವೊಂದು ಆಫ್ರಿಕವನ್ನು ದಾಟಿ ಭಾರತಕ್ಕೆ ಬಂದಿತು. ಅದು ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ಕರ್ನಾಟಕದ ಗೋವಿನಜೋಳದ ಹೊಲಗಳಲ್ಲಿಯೇ. ದೇಶದೇಶಗಳ ನಡುವಿನ ದಾರಿಯಲ್ಲಿ ಸರಕಿನಂತೆ ಪಿಡುಗೂ ಪಯಣಿಸುತ್ತದೆ.

ನೆರೆಯ ಬ್ಯಾಡಗಿಯ ಮೆಣಸಿನಕಾಯಿಯು ಈ ಕಥೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಅದರ ವೈಶಿಷ್ಟ್ಯ. ಅದರಿಂದ ತೆಗೆದ ಕೆಂಪು ಬಣ್ಣದ ಸತ್ವವು ಆಹಾರ ಪದಾರ್ಥಗಳಿಗಾಗಿಯೂ ಸೌಂದರ್ಯ ಸಾಧನಗಳಿಗಾಗಿಯೂ ಹೊರದೇಶಗಳಿಗೆ ಹೋಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಎಂದರೆ, ಇತರ ಸೀಮೆಯ ಮೆಣಸಿನಕಾಯಿಯನ್ನು ಆ ಹೆಸರಿನಿಂದ ಮಾರುವಂತಿಲ್ಲ. ಒಂದು ಕಾಲಕ್ಕೆ ಧಾರವಾಡದ ಹತ್ತಿಯು ಕುಮಟೆಯ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಈಗ ಬೆಳೆದ ನೆಲದ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಇದು ಸಣ್ಣ ಸುಧಾರಣೆಯೇನೂ ಅಲ್ಲ. ಆದರೂ ಬೆಲೆಯ ಭಯ ಹೋಗಿಲ್ಲ. 2024ರ ಮಾರ್ಚ್ ತಿಂಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಧಾರಣೆ ಒಮ್ಮೆಲೇ ಕುಸಿದಾಗ ರೊಚ್ಚಿಗೆದ್ದ ಜನರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದರು. ಹಿಂಸೆಯಿಂದ ಧಾರಣೆ ಏರುವುದಿಲ್ಲ. ಆದರೆ ವರ್ಷದ ದುಡಿಮೆಯ ಬೆಲೆ ಒಂದು ದಿನದಲ್ಲಿ ಕರಗಿದಾಗ ಆಗುವ ಸಂಕಟವನ್ನು ಆ ಘಟನೆಯು ತಿಳಿಸುತ್ತದೆ.

ಹಾಗಾದರೆ ಪರದೇಶದ ವ್ಯಾಪಾರವು ಒಳ್ಳೆಯದೆ, ಕೆಟ್ಟದೆ? ಅದಿಲ್ಲದಿದ್ದರೆ ನಮ್ಮ ಅಡಿಗೆಯಲ್ಲಿ ಮೆಣಸಿನಕಾಯಿ ಇರುತ್ತಿರಲಿಲ್ಲ. ನಮ್ಮ ಹತ್ತಿಗೆ ದೊಡ್ಡ ಪೇಟೆ ಇರುತ್ತಿರಲಿಲ್ಲ. ಘಟ್ಟದ ರಸ್ತೆಗಳು ಅಷ್ಟು ಬೇಗ ಆಗುತ್ತಿರಲಿಲ್ಲ. ಅದರಿಂದಲೇ ರಾಟೆಗಳು ನಿಂತವು. ಹೊಲದ ಬೆಲೆಯನ್ನು ಹೊಲದಿಂದ ದೂರದಲ್ಲಿ ಕಟ್ಟುವಂತಾಯಿತು. ವ್ಯಾಪಾರವು ತುಂಬಿದ ಹೊಳೆಯಂತೆ. ಕಾಲುವೆ ತೋಡಿ, ಒಡ್ಡು ಕಟ್ಟಿದವನ ಹೊಲಕ್ಕೆ ಅದು ನೀರಾಗುತ್ತದೆ. ಸುಮ್ಮನೆ ದಂಡೆಯಲ್ಲಿ ನಿಂತವನ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಮನೆಯ ಊಟಕ್ಕಾಗುವಷ್ಟು ಕಾಳು, ನ್ಯಾಯವಾದ ತೂಕ, ಕಡಿಮೆ ಬಡ್ಡಿಯ ಸಾಲ, ಒಗ್ಗಟ್ಟಿನ ಮಾರಾಟ, ಸಂಕಟದ ವರ್ಷದಲ್ಲಿ ಸರಕಾರದ ಆಸರೆ, ಇವೇ ಆ ಕಾಲುವೆ ಮತ್ತು ಒಡ್ಡುಗಳು. ಎಲ್ಲಕ್ಕಿಂತ ಮಿಗಿಲಾದುದು ತಿಳಿವಳಿಕೆ. 1865ರ ರೈತನಿಗೆ ತನ್ನ ಬೆಳೆಯ ಬೆಲೆ ಏಕೆ ಇಳಿಯಿತೆಂದು ಓದಿ ತಿಳಿಯುವ ಸಾಧನವಿರಲಿಲ್ಲ. ಇಂದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಶಾಲೆಗಳಲ್ಲಿ ಓದುತ್ತಿರುವ ಅವನ ಮರಿಮಕ್ಕಳಿಗೆ ಆ ಸಾಧನವಿದೆ. ಅದನ್ನು ಬಳಸಿಕೊಳ್ಳುವುದು ಅವರ ಕೈಯಲ್ಲಿದೆ.

ಅಭ್ಯಾಸ

ಶಬ್ದಾರ್ಥ
ಹಗೇವು – ಧಾನ್ಯ ಸಂಗ್ರಹಿಸುವ ನೆಲದೊಳಗಿನ ಕಣಜ
ಅರಳೆ – ಕಾಳು ತೆಗೆದ ಹತ್ತಿ
ಅಂಡಿಗೆ – ಹತ್ತಿಯನ್ನು ತುಂಬಿ ಕಟ್ಟಿದ ದೊಡ್ಡ ಚೀಲ
ಧಾರಣೆ – ಪೇಟೆಯ ಬೆಲೆ
ಸೋವಿ – ಅಗ್ಗ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಧಾರವಾಡ ಸೀಮೆಯ ನಾಟಿ ಹತ್ತಿಗೆ ‘ಕುಮ್ಟಾ’ ಎಂಬ ಹೆಸರು ಏಕೆ ಬಂದಿತು?
2. ಮುಂಬಯಿ ಸರಕಾರವು 1863ರಲ್ಲಿ ಯಾವುದರ ವಿರುದ್ಧ ಕಾನೂನು ಮಾಡಿತು?
3. ಕಣಗಿನಹಾಳದ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದವರು ಯಾರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅಮೇರಿಕದ ಅಂತರ್ಯುದ್ಧವು ಧಾರವಾಡ ಸೀಮೆಯ ರೈತರ ಮೇಲೆ ಯಾವ ಪರಿಣಾಮಗಳನ್ನು ಬೀರಿತು?
2. ಗಿರಣಿಯ ನೂಲಿನಿಂದ ಯಾರಿಗೆ ಲಾಭವಾಯಿತು? ಯಾರಿಗೆ ನಷ್ಟವಾಯಿತು?
3. ಸಹಕಾರಿ ಸಂಘಗಳಿಂದ ಹತ್ತಿ ಬೆಳೆಗಾರರಿಗೆ ಆದ ಪ್ರಯೋಜನಗಳಾವುವು?

ಇ) ಈ ವಾಕ್ಯಗಳ ಭಾವವನ್ನು ವಿವರಿಸಿರಿ.
1. “ಲಾಭವು ಹಲವರಲ್ಲಿ ಸ್ವಲ್ಪ ಸ್ವಲ್ಪವಾಗಿ ಹಂಚಿಹೋಗುತ್ತದೆ, ನಷ್ಟವು ಕೆಲವರ ಮೇಲೆ ಒಮ್ಮೆಲೇ ಬೀಳುತ್ತದೆ.”
2. “ವ್ಯಾಪಾರವು ತುಂಬಿದ ಹೊಳೆಯಂತೆ.”

ಈ) ನಿಮ್ಮ ಊರಿನ ಮಾರುಕಟ್ಟೆಗೆ ಹೋಗಿ, ಒಂದು ಬೆಳೆಯ ಧಾರಣೆಯನ್ನು ನಾಲ್ಕು ವಾರಗಳವರೆಗೆ ಬರೆದುಕೊಳ್ಳಿರಿ. ಆ ಬೆಳೆಯು ಯಾವ ಊರುಗಳಿಗೆ ಹೋಗುತ್ತದೆಂಬುದನ್ನು ಹಿರಿಯರಿಂದ ಕೇಳಿ ತಿಳಿಯಿರಿ.